ರಾಕ್ಷಸನ ಹೊಟ್ಟೆಯಲ್ಲಿದ್ದ ಹಸಿರು ಸೀರೆ

ಹುಣಸೆಬೀಜದ ಹಿಟ್ಟನ್ನು ಕುದಿಸಿದಾಗ ಬರುವ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮೊದಲು ಹುರಿದ ಬೀಜದ ಸುಟ್ಟ ವಾಸನೆ, ಆಮೇಲೆ ಗಂಜಿಯದು, ತಣ್ಣಗಾದ ಮೇಲೆ ಒಂದಿಷ್ಟು ಹುಳಿ. ಮೊನ್ನೆ ನಮ್ಮ ಓಣಿಯ ಕುರುಬರ ಮನೆಯಂಗಳದಲ್ಲಿ ಕಂಬಳಿಗೆ ಹಚ್ಚುವ ಗಂಜಿ ಕಾಯುತ್ತಿತ್ತು. ಸಂತೆಗೆ ಹೊರಟವಳು ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ತಲೆಯೆಲ್ಲ ಬೆಳ್ಳಗಾದ ಮುದುಕಿ ಬೀದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅವರು ಕಣ್ಣಿಗೆ ಹೊಗೆ ಹೋಯಿತೇನೋ ಅಂದುಕೊಂಡರು. ನಾನೂ ಹೌದೆಂದು ತಲೆಯಾಡಿಸಿ ಬಂದೆ.

ಗೋಕಾಕದಲ್ಲಿ ನಮ್ಮದು ಗೊಂಬೆ ಮಾಡುವವರ ಮನೆ. ಪಡಸಾಲೆಯ ತುಂಬ ಮರದ ಹೊಟ್ಟು, ಗೋಡೆಗೆ ಒರಗಿಸಿದ ಹಸಿ ಬಣ್ಣದ ಹಣ್ಣುಗಳು, ಹಕ್ಕಿಗಳು. ಮೂಲೆಯಲ್ಲಿ ಮಾತ್ರ ಮಾರಾಟಕ್ಕಲ್ಲದ ಒಬ್ಬ ನಿಂತಿರುತ್ತಿದ್ದ. ಬಿದಿರಿನ ಬುಟ್ಟಿಯಂಥ ಮೈ, ಅರೆದ ಕಾಗದಕ್ಕೆ ಹುಣಸೆಬೀಜದ ಅಂಟು ಕಲಸಿ ಮಾಡಿದ ತಲೆ, ತೊಲೆಗೆ ತಾಗುವ ಕಿರೀಟ. ನಾವು ಅವನನ್ನು ರಾಕ್ಷಸಪ್ಪ ಎನ್ನುತ್ತಿದ್ದೆವು. ಮೂಡಲಗಿಯಲ್ಲೋ ಹುಕ್ಕೇರಿಯಲ್ಲೋ ದೊಡ್ಡವರ ಮನೆಯ ಮದುವೆ ಇದ್ದರೆ ನಮ್ಮ ತಂದೆಯ ತಮ್ಮ ರುದ್ರಪ್ಪ ಕಾಕಾ ಅದರೊಳಗೆ ಹೊಕ್ಕು ಮೆರವಣಿಗೆಯ ಮುಂದೆ ಕುಣಿಯುತ್ತಿದ್ದ. ಹೊಟ್ಟೆಯ ಹತ್ತಿರ ಒಂದು ಸಣ್ಣ ಕಿಂಡಿ, ಅದರಿಂದಲೇ ಅವನು ಹೊರಗೆ ನೋಡಬೇಕು. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಳಗೆ ಹೊಕ್ಕವನು ಹೊರಗೆ ಬರುವ ತನಕ ಯಾರೂ ಅವನನ್ನು ಅವನ ಹೆಸರಿನಿಂದ ಕರೆಯಬಾರದು. ಹೆತ್ತ ತಾಯಿಯೂ ಕರೆಯಬಾರದು. ಬಾಯಾರಿತೇ ಎಂದು ಕೇಳಬೇಕಾದರೂ ರಾಕ್ಷಸಪ್ಪ ಎಂದೇ ಕೇಳಬೇಕು.

ಆ ಹೆತ್ತ ತಾಯಿ ನಮ್ಮ ಆಯಿ, ತಂದೆಯ ತಾಯಿ. ದೀಪ ಹಚ್ಚುವ ಹೊತ್ತಿಗೆ ಅವಳು ಕಂಬದ ಹಿಂದೆ ಕುಳಿತು ಒಂದು ಗೇಣುದ್ದದ ದೇವಕನ್ಯೆಯ ಗೊಂಬೆಯನ್ನು ಕೈಯಲ್ಲಿ ಆಡಿಸುತ್ತ ಕತೆ ಹೇಳುತ್ತಿದ್ದಳು. ಕಾಕಾ ರಾಕ್ಷಸಪ್ಪನೊಳಗೆ ಹೊಕ್ಕು ಗುಡುಗುತ್ತಿದ್ದ. ದೇವಕನ್ಯೆ ಘಟಪ್ರಭೆ ಧುಮುಕುವ ಧಬಧಬೆಯಲ್ಲಿ ಮೀಯಲು ಇಳಿದಳು, ಬಂಡೆಯ ಮೇಲಿಟ್ಟ ಅವಳ ಹಸಿರು ಸೀರೆಯನ್ನು ರಾಕ್ಷಸ ನುಂಗಿದ, ಸೀರೆ ಇಲ್ಲದೆ ಅವಳು ಹಾರಲಾರಳು. ಆ ಸೀರೆ ಖರೆಯೇ ಇತ್ತು, ಆಯಿಯ ಮದುವೆಯ ಸೀರೆಯ ಸೆರಗಿನ ತುಂಡು, ಬಿದಿರಿನ ಹೊಟ್ಟೆಯೊಳಗೆ ಕಟ್ಟಿಟ್ಟದ್ದು. ಕತೆಯಲ್ಲಿ ರಾಕ್ಷಸ ದಿನವೂ ಮೆತ್ತಗಾಗುತ್ತಿದ್ದ, ಅಳುತ್ತಿದ್ದ, ಸೀರೆ ಕೊಡುತ್ತೇನೆ ಎನ್ನುತ್ತಿದ್ದ. ಅಷ್ಟಕ್ಕೆ ಆಯಿ ನಿಲ್ಲಿಸಿಬಿಡುತ್ತಿದ್ದಳು. "ಕೊಟ್ರ ಆಕಿ ಹಾರಿ ಹೋಗ್ತಾಳ. ನಾಳಿಗೆ ನಿಮಗ ಕತಿ ಎಲ್ಲಿಂದ ತರ್ಲಿ?" ಎಂದು ನಗುತ್ತಿದ್ದಳು. ನಾವು ಬೈದುಕೊಂಡು ಊಟಕ್ಕೆ ಏಳುತ್ತಿದ್ದೆವು.

ಆಮೇಲೆ ಪ್ಲೇಗಿನ ವರ್ಷ ಬಂತು. ಅಟ್ಟದಿಂದ ಇಲಿ ಬಿದ್ದ ದಿನವೇ ಓಣಿಗೆ ಓಣಿಯೇ ಬೀಗ ಹಾಕಿಕೊಂಡು ಹೊಲಗಳಿಗೆ ಹೊರಟಿತು. ನಾವು ಮೇಲವಂಕಿ ಕಡೆಯ ಪರಿಚಯದವರ ಹೊಲದಲ್ಲಿ ಗುಡಿಸಲು ಹಾಕಿದೆವು. ನನ್ನ ತಂಗಿ ಚಂದ್ರಿ ರಾಕ್ಷಸಪ್ಪನನ್ನು ಬಿಟ್ಟು ಬರುವುದಿಲ್ಲವೆಂದು ಹೊಸ್ತಿಲ ಮೇಲೆ ಬಿದ್ದು ಹೊರಳಾಡಿದಳು. ಕಾಳು, ಪಾತ್ರೆ, ಹಾಸಿಗೆಗಳ ಮೇಲೆ ಅವನನ್ನೂ ಅಡ್ಡ ಮಲಗಿಸಿ ಚಕ್ಕಡಿ ಹೂಡಿದರು. ಗುಡಿಸಲೊಳಗೆ ಅವನು ಹಿಡಿಯಲಿಲ್ಲ. ಬಾಗಿಲಿಗೆದುರಾಗಿ ಹೊರಗೇ ನಿಲ್ಲಿಸಿದರು. ಇಬ್ಬನಿಗೆ, ಜಿಟಿಜಿಟಿ ಮಳೆಗೆ ಅವನ ಮುಖದ ಅಂಟು ಮೆತ್ತಗಾಗಿ ಕೆನ್ನೆ ಜೋತುಬಿತ್ತು, ಒಂದು ಕಣ್ಣಿನ ಕಪ್ಪು ಮೂಗಿನ ತನಕ ಇಳಿಯಿತು. ಗುಡಿಸಲ ತುಂಬ ಅದೇ ಹುಳಿ ವಾಸನೆ.

ಚಂದ್ರಿಗೆ ಜ್ವರ ಬಂತು. ಕಂಕುಳಲ್ಲಿ ಗಡ್ಡೆ ಎದ್ದಾಗ ಅವ್ವ ಅದನ್ನು ನೋಡಿ ಹೊರಗೆ ಹೋಗಿ ಕುಳಿತಳು. ಮದ್ದು ಒಲ್ಲೆ, ಗಂಜಿ ಒಲ್ಲೆ, ಕತೆ ಬೇಕು ಎಂದು ತಂಗಿಯ ಹಟ. ಒಂದು ಮಧ್ಯಾಹ್ನ ಕಾಕಾ ಆ ಒದ್ದೆ ಬಿದಿರನ್ನು ಮೈಮೇಲೆ ಏರಿಸಿಕೊಂಡು ಬಾಗಿಲ ಮುಂದೆ ಬಗ್ಗಿ ನಿಂತ. ಆಯಿ ದೇವಕನ್ಯೆಯನ್ನು ಎತ್ತಿದಳು. ಸೀರೆಯ ಮಾತು ಬಂದಾಗ ಎಂದಿನಂತೆ ನಿಲ್ಲಿಸಿದಳು.

ಚಂದ್ರಿ ಆಯಿಯನ್ನು ಕೇಳಲಿಲ್ಲ. ಬಾಗಿಲ ಕಡೆ ಹೊರಳಿ, "ರಾಕ್ಷಸಪ್ಪಾ, ಸೀರಿ ಕೊಟ್ಟ ಬಿಡೋ. ಪಾಪ, ಆಕಿ ತನ್ನ ಮನಿಗೆ ಹೋಗ್ಲಿ" ಎಂದಳು.

ಬಿದಿರಿನ ಹೊಟ್ಟೆಯೊಳಗೆ ಏನೋ ಸರಿದಾಡಿದ ಸಪ್ಪಳವಾಯಿತು. ಕಿಂಡಿಯಿಂದ ಹಸಿರು ಸೀರೆಯ ಅಂಚು ಹೊರಗೆ ಇಣುಕಿತು, ಹಿಂದೆಯೇ ಬೆರಳುಗಳು. ತಂಗಿ ಎರಡೂ ಕೈ ಚಾಚಿದಳು.

"ಬ್ಯಾಡೋ ರುದ್ರಾ! ಕೊಡಬ್ಯಾಡ, ಹೊರಗ ಬಾ!" ಆಯಿ ಚೀರಿಬಿಟ್ಟಳು.

ದೇವಕನ್ಯೆ ಹಾರಿಹೋದರೆ ಕೂಸೂ ಹೋಗುತ್ತದೆ ಎಂಬ ಹೆದರಿಕೆ ಅವಳ ಬಾಯಿಂದ ಮಗನ ಹೆಸರನ್ನು ಹೊರಡಿಸಿತ್ತು. ಬೆರಳುಗಳು ಒಳಗೆ ಹೋದವು. ಚಂದ್ರಿಯ ಕೈ ಹಾಗೇ ಉಳಿಯಿತು. ಜೋತುಬಿದ್ದ ಆ ಮುಖವನ್ನು ಅವಳು ಬಹಳ ಹೊತ್ತು ನೋಡಿದಳು. "ಒಳಗ ನಮ್ಮ ಕಾಕಾ ಅದಾನೇನು?" ಎಂದಳು. ಅವಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಎಷ್ಟೋ ಸಲ ಕಾಕಾ ಅದರೊಳಗೆ ನುಸುಳುವುದನ್ನು ಕಂಡವಳೇ. ಆದರೂ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳದ ತನಕ ರಾಕ್ಷಸಪ್ಪ ರಾಕ್ಷಸಪ್ಪನೇ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮತ್ತೆ ಕತೆ ಕೇಳಲಿಲ್ಲ. ಮರುದಿನ ಹೊತ್ತು ಏರುವುದರೊಳಗೆ ಹೋಗಿಬಿಟ್ಟಳು.

ಅವಳನ್ನು ಎತ್ತುವ ಮುಂಚೆ ಆಯಿ ಎದ್ದು ಹೊರಗೆ ಹೋದಳು. ರಾಕ್ಷಸಪ್ಪನ ಕಿಂಡಿಯಲ್ಲಿ ತಾನೇ ಕೈ ಹಾಕಿ, ಗಂಟು ಬಿಚ್ಚಲಾರದೆ ಹಲ್ಲಿನಿಂದ ಕಚ್ಚಿ ಎಳೆದು, ಆ ಸೀರೆ ತಂದು ಚಂದ್ರಿಗೆ ಹೊದಿಸಿದಳು. "ನಿನ್ನಿ ಕೊಡಬೇಕಾಗಿತ್ತು" ಎಂದಳು, ಅಷ್ಟೇ. ಕಾಕಾ ಬದುವಿನ ಮೇಲೆ ಕುಳಿತು ಗಟ್ಟಿಯಾಗಿ ಅಳುತ್ತಿದ್ದ.

ಊರಿಗೆ ಮರಳುವಾಗ ರಾಕ್ಷಸಪ್ಪನನ್ನು ಚಕ್ಕಡಿಗೆ ಏರಿಸಿರೆಂದು ಯಾರೂ ಅನ್ನಲಿಲ್ಲ. ತಿರುವಿನ ತನಕ ನಾನು ಹಿಂದೆ ನೋಡುತ್ತಲೇ ಇದ್ದೆ. ಅವನ ತಲೆ ಎದೆಯ ಮೇಲೆ ಬಿದ್ದಿತ್ತು. ಆಯಿಯ ಮೇಲೆ ನನಗೆ ಎಷ್ಟೋ ವರ್ಷ ಸಿಟ್ಟಿತ್ತು. ನನಗೆ ಮಕ್ಕಳಾಗಿ, ಒಂದು ಕೂಸಿನ ಬಿಸಿ ಹಣೆಯ ಮೇಲೆ ಕೈಯಿಟ್ಟು ಕುಳಿತ ದಿನ ಅದು ಹೋಯಿತು. ಆಗ ಹೇಳೋಣವೆಂದರೆ ಆಯಿ ಇರಲಿಲ್ಲ, ಕಾಕಾ ಇರಲಿಲ್ಲ, ಪಡಸಾಲೆಯೂ ಬೇರೆಯವರದಾಗಿತ್ತು.

ಈಗ ಮೊಮ್ಮಗಳು ದಿನವೂ ನನ್ನಿಂದ ಅದೇ ಕತೆ ಹೇಳಿಸುತ್ತಾಳೆ. ಗೊಂಬೆಯಿಲ್ಲ, ಬರಿಯ ಬಾಯಿಮಾತು, ಆದರೂ ರಾಕ್ಷಸ ಅಂದೊಡನೆ ಅವಳು ತೊಲೆಯ ಕಡೆ ಕತ್ತೆತ್ತುತ್ತಾಳೆ. "ಕೊಟ್ನೋ ಇಲ್ಲೋ, ಹೇಳಬೇ ಆಯಿ" ಎಂದು ಸೆರಗು ಜಗ್ಗುತ್ತಾಳೆ. ಕೊಟ್ಟ ಎನ್ನುತ್ತೇನೆ. ದೇವಕನ್ಯೆ ಅದನ್ನು ಉಟ್ಟಳು ಎಂದೂ ಹೇಳುತ್ತೇನೆ. ಅಲ್ಲಿಂದ ಮುಂದಕ್ಕೆ ಹೇಳಲಾರದೆ, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಏಳುತ್ತೇನೆ.