ಸರ್ಜನ್ ಅಂಕಲ್ ಕೈಗಳು

ಅಮೆರಿಕದ ಡರ್ಹಮ್ಮಿನ ನಮ್ಮ ಆಸ್ಪತ್ರೆಯ ಮುಖ್ಯ ಸರ್ಜನ್ ಮೈಸೂರಿನವರು, ನಮಗೆಲ್ಲ ಅಂಕಲ್. ಅವರು ರಿಟೈರ್ ಆಗುವ ವರ್ಷ, ಕಾರಿಡಾರಿನಲ್ಲಿ ಹಾಕಲು ಅವರ ಭಾವಚಿತ್ರ ಬರೆಸಬೇಕೆಂದು ಇಂಗ್ಲೆಂಡ್ ಮೂಲದ ಕಲಾವಿದೆಯೊಬ್ಬರನ್ನು ಆಸ್ಪತ್ರೆಯವರು ಕರೆಸಿದರು. ಎರಡು ಸಲ ಕೂತು ಮುಖ ಕೊಡುವಷ್ಟು ಪುರುಸೊತ್ತು ಅಂಕಲ್‌ಗೆ ಸಿಕ್ಕಿತು. ಮೂರನೇ ಸಲ ಅವರ ಬಿಳಿ ಕೋಟು ಮಾತ್ರ ಬಂತು. ಅದರೊಳಗೆ ಅವರ ಆಫೀಸ್ ನೋಡಿಕೊಳ್ಳುವ ನಾನಿದ್ದೆ.

"ಬಳೆ ತೆಗೀರಿ," ಎಂದರು ಕಲಾವಿದೆ.

ಎಪ್ಪತ್ತು ದಾಟಿದ್ದರೂ ನಿಂತೇ ಬರೆಯುತ್ತಿದ್ದರು. ಲಂಡನ್ನಿನಲ್ಲಿ ಕಲಿಯುವಾಗ ಅವರ ಮೇಷ್ಟ್ರು, ಹೆಣ್ಣುಮಕ್ಕಳು ಹೂವು ಬರೆದರೆ ಚೆಂದ ಎಂದಿದ್ದರಂತೆ. ಆ ಸಿಟ್ಟಿಗೇ ದೊಡ್ಡಮನುಷ್ಯರ ಮುಖ ಹಿಡಿದರಂತೆ. ನಲವತ್ತು ವರ್ಷದಲ್ಲಿ ವಾಷಿಂಗ್ಟನ್ನಿನ ಜಡ್ಜುಗಳು, ಜನರಲ್‌ಗಳು ಯಾರನ್ನೂ ಬಿಟ್ಟಿರಲಿಲ್ಲ.

"ಅವರೆಲ್ಲ ಎಷ್ಟು ಹೊತ್ತು ಕೂರ್ತಿದ್ರು?" ಎಂದೆ.

"ಮುಖ ಮುಗಿಯೋವರೆಗೆ. ಕೈಗಳೆಲ್ಲ ಸೆಕ್ರೆಟರಿಗಳದ್ದು. ಅಲುಗಾಡಬೇಡಿ."

ಅನಾವರಣದ ದಿನ ಬಂದವರೆಲ್ಲ, ಆ ಬೆರಳು ನೋಡಿದರೇ ಸಾಕು, ಹುಟ್ಟಾ ಸರ್ಜನ್ ಎಂದು ಗೊತ್ತಾಗುತ್ತದೆ ಎಂದರು. ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ಕಟ್ ಮಾಡಿ ಅಭ್ಯಾಸವಿಲ್ಲದ ನನ್ನ ಬೆರಳುಗಳ ಜನ್ಮ ಸಾರ್ಥಕವಾಯಿತು. ಆಂಟಿ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಇದು ಪಾತ್ರೆ ತೊಳೆದ ಕೈ ಕಣೇ. ನಮ್ಮನೆಯವರದ್ದಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಂಕಲ್ ಭಾಷಣ ಮಾಡಿ, ತಾವು ಸಾಧಿಸಿದ್ದೆಲ್ಲ ಈ ಎರಡು ಕೈಗಳಿಂದಲೇ ಎಂದು ಚಿತ್ರದ ಕಡೆ ತೋರಿಸಿದರು. ಅಡುಗೆಯವರಿಗೂ ಥ್ಯಾಂಕ್ಸ್ ಹೇಳಿದರು. ಬರೆದಾಕೆಯ ಹೆಸರು ಮಾತ್ರ ಯಾರಿಗೂ ನೆನಪಾಗಲಿಲ್ಲ. ಆಕೆ ಹಿಂದಿನ ಸಾಲಿನಲ್ಲಿ ಕೇಕ್ ತಿನ್ನುತ್ತಿದ್ದರು. ನಾನು ಅವರ ಕಡೆ ತಿರುಗಿ, ಸರ್ಜನ್ ಸಾಹೇಬರ ಎರಡೂ ಕೈಗಳಿಂದ ಚಪ್ಪಾಳೆ ತಟ್ಟಿದೆ.