ಗುಲ್ಜಾರಬೀ ಹೊಲಿದ ತೆನೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರನ್ನು ಹುಡುಕುವ ಕಷ್ಟವಿಲ್ಲ. ಹೊಲಿಯದವರನ್ನು ಹುಡುಕಬೇಕೆಂದರೆ ಒಂದೆರಡು ಗಲ್ಲಿ ಸುತ್ತಬೇಕಾದೀತು. ಮುಂದಿನ ಕೋಣೆಯಲ್ಲಿ ಮಷೀನು, ಹಿಂದಿನ ಕೋಣೆಯಲ್ಲಿ ಸಂಸಾರ, ನಡುವೆ ನೀಲಿ ಬಟ್ಟೆಯ ಧೂಳು. ಗುಲ್ಜಾರಬೀಯ ಮನೆಯೂ ಅಂಥದೇ. ಗಂಡ ಸುಭಾನಸಾಬ ಕಟಿಂಗ್ ಮಾಸ್ಟರು. ಬಟ್ಟೆಯ ಮೇಲೆ ಕತ್ತರಿ ಆಡಿಸುವಾಗ ಇರುವ ಧೈರ್ಯ ಅವನಿಗೆ ಮನುಷ್ಯರ ಮುಂದೆ ಬಾಯಿ ತೆರೆಯುವಾಗ ಇರುತ್ತಿರಲಿಲ್ಲ. ಹೀಗಾಗಿ ಗಿರಾಕಿ, ಚೌಕಾಸಿ, ಕೆಲಸದವರ ಮುನಿಸು, ಓಣಿಯ ಜಗಳ ಎಲ್ಲವೂ ಗುಲ್ಜಾರಬೀಯ ಪಾಲಿಗೇ ಬಂದಿದ್ದವು. ಆಕೆ ಅದನ್ನು ಭಾರವೆಂದೇನೂ ತಿಳಿದಿರಲಿಲ್ಲ.

ಆಕೆಯ ತವರು ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿ. ಕಾಲುವೆ ನೀರಿನ ಊರು, ಎತ್ತ ನೋಡಿದರೂ ಭತ್ತ. 2015ರಲ್ಲಿ ಒಂದು ದಿನ ಕುರುಗೋಡಿನ ಬಟ್ಟೆ ವ್ಯಾಪಾರಿ ಎರ್ರಿಸ್ವಾಮಿ ಮಾಲು ಒಯ್ಯಲು ಬಂದವನು ಸುಮ್ಮನಿರಲಾರದೆ ಕೆಣಕಿದ.

"ಬೀಬಕ್ಕಾ, ನಿಮ್ಮ ಪ್ಯಾಂಟಿಗೂ ಬಾಜೂ ಮನಿ ಪ್ಯಾಂಟಿಗೂ ಏನ್ ಫರಕ್ ಐತ್ರಿ? ಬೋರ್ಡ್ ತೆಗದ್ರ ನನಗ ಗೊತ್ತಾಗಂಗಿಲ್ಲ."

ಗುಲ್ಜಾರಬೀಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಷೀನಿನ ದಾರ ಬದಲಿಸಿ ಹಳದಿ ದಾರ ಹಾಕಿದಳು. ಹಿಂದಿನ ಜೇಬಿನ ಬಟ್ಟೆ ಎಳೆದುಕೊಂಡು, ಮೂಲೆಯಿಂದ ಒಂದು ಕಡ್ಡಿ ಎಬ್ಬಿಸಿದಳು. ಕಡ್ಡಿ ಮೇಲೇರಿ, ಒಂದು ಪಕ್ಕಕ್ಕೆ ಬಾಗಿತು. ಎರಡೂ ಬದಿಗೆ ಕಾಳು ಮೂಡಿದವು. ಚಹಾ ತಣ್ಣಗಾಗುವಷ್ಟರಲ್ಲಿ ಜೇಬಿನ ಮೇಲೊಂದು ಭತ್ತದ ತೆನೆ ತಲೆದೂಗುತ್ತಿತ್ತು. ಎರ್ರಿಸ್ವಾಮಿ ಅದೇ ಬೇಕೆಂದ. ಮುಂದಿನ ಸಲ ಬಂದಾಗ, "ಹುಡುಗ್ರು ತೆನಿ ಪ್ಯಾಂಟ್ ಬಂದೈತೇನ್ರಿ ಅಂತ ಅಂಗಡಿ ತನಕ ಬರಾಕತ್ಯಾರ" ಎಂದು ಹಲ್ಲು ಬಿಟ್ಟ. ಆ ಮಾತು ಕೇಳಿದ ದಿನ ಗುಲ್ಜಾರಬೀ ಓಣಿಯ ಉದ್ದಗಲಕ್ಕೂ ನಡೆದ ರೀತಿಯನ್ನು ನೀವು ನೋಡಬೇಕಿತ್ತು. ಓದು ಬಾರದ ಹೆಂಗಸು, ಹೆಸರು ಬರೆಯಲೂ ತಿಣುಕುವವಳು, ಈಗ ಊರೂರಿನ ಹುಡುಗರ ಬೆನ್ನ ಹಿಂದೆ ತನ್ನ ಸಹಿ ಹಾಕಿಬಿಟ್ಟಿದ್ದಳು.

ಮಗಳು ಅಸ್ಮಾ ಆಗ ಕಂಪ್ಯೂಟರ್ ಓದುತ್ತಿದ್ದಳು. 2016ರ ಬೇಸಿಗೆ ರಜೆಯಲ್ಲಿ ಕೂತು ಅಂಗಡಿಗೊಂದು ವೆಬ್‌ಸೈಟ್ ಮಾಡಿದಳು. ತೆರೆದ ಕೂಡಲೇ ತೆನೆ ಜೇಬಿನ ದೊಡ್ಡ ಫೋಟೋ, ಕೆಳಗೆ ಫೋನ್ ನಂಬರು. ಗುಲ್ಜಾರಬೀ ಹಾಲಿನವನಿಗೂ ಅದನ್ನು ತೋರಿಸಿದಳು.

ಇಲ್ಲಿ ಆಕೆಯ ಹರಕೆಯ ಮಾತು ಹೇಳಬೇಕು. ಗುಲ್ಜಾರಬೀ ಹುಟ್ಟಿದ್ದೇ ಸಿರಿಗೇರಿಯಲ್ಲಿ ಮೊಹರಂಗೆ ಕೂರಿಸುವ ಪೀರಲ ದೇವರ ಹರಕೆಯಿಂದ. ಬಹಳ ದಿನ ಮಕ್ಕಳಾಗದಿದ್ದ ತಾಯಿ, ಮಗು ಬದುಕಿ ಉಳಿದರೆ ಅದರ ಮನೆಯಲ್ಲಿ ಮೊಹರಂನ ಹತ್ತು ದಿನ ಸೂಜಿಗೆ ದಾರ ಪೋಣಿಸುವುದಿಲ್ಲ, ಕತ್ತರಿ ಹಿಡಿಯುವುದಿಲ್ಲ ಎಂದು ಬೇಡಿಕೊಂಡಿದ್ದಳಂತೆ. ಹೊಲಿಗೆಯವನಿಗೇ ಹೆಣ್ಣು ಕೊಡುತ್ತೇವೆಂದು ಆ ತಾಯಿಗೆ ಕನಸಾದರೂ ಬಿದ್ದಿತ್ತೇ? ಆದರೆ ಗುಲ್ಜಾರಬೀ ಹರಕೆ ಮುರಿದವಳಲ್ಲ. ಎಂಥ ಅವಸರದ ಆರ್ಡರಿದ್ದರೂ ಆ ಹತ್ತು ದಿನ ಮಷೀನುಗಳ ಮೇಲೆ ಬಟ್ಟೆ ಹೊದಿಸಿ, ಬಾಗಿಲು ಹಾಕಿ, ತವರಿಗೆ ಹೋಗಿಬಿಡುತ್ತಿದ್ದಳು. ಸುಭಾನಸಾಬನಿಗೂ ಅದು ರೂಢಿಯಾಗಿತ್ತು.

ಆ ವರ್ಷ ಹಬ್ಬ ಅಕ್ಟೋಬರಿನಲ್ಲಿ ಬಂತು. ಬಸ್ಸಿಗೆ ಹೊರಡುವ ಮುಂಚೆ ಗುಲ್ಜಾರಬೀ ಮಗಳನ್ನು ಕೇಳಿದಳು.

"ಅಸ್ಮಾ, ಅಂಗಡಿ ಬಾಗಿಲಾ ಹಾಕೀವಿ. ನಿನ್ನ ವೆಬ್‌ಸೈಟಿನ ಬಾಗಿಲಾ ಹಾಕಿಯೇನು?"

"ಅದಕ್ಕ ಬಾಗಿಲಾ ಎಲ್ಲೈತಮ್ಮಾ? ಅದು ಹಗಲೂ ರಾತ್ರಿ ತೆರದ ಇರ್ತೈತಿ."

"ಮಂದಿ ಬಂದು ಮಾಲು ನೋಡಿದ್ರ ಅದು ವ್ಯಾಪಾರ ಅಲ್ಲೇನ? ಈ ಕಡಿ ಸೂಜಿ ಮುಟ್ಟಂಗಿಲ್ಲ ಅಂತ ಕುಂತು, ಆ ಕಡಿ ಹೊಲಿಗಿ ತೋರಿಸ್ಕೊಂತ ಕುಂದ್ರೂದು? ದೇವ್ರ ಕಣ್ಣಿಗೆ ಮಣ್ಣು ಹಾಕಿದಂಗ ಆತದು. ಮುಚ್ಚು."

ಅಸ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೂ ತಾಯಿಯ ಮಾತು ಮೀರಲಿಲ್ಲ. ಫೋಟೋಗಳನ್ನೆಲ್ಲ ತೆಗೆದು, ಕಪ್ಪು ಪುಟದ ಮೇಲೆ ಬಿಳಿ ಅಕ್ಷರದಲ್ಲಿ 'ಪೀರಲ ಹಬ್ಬದ ನಿಮಿತ್ತ ಅಂಗಡಿ ಬಂದ್ ಇರುತ್ತದೆ' ಎಂದು ಬರೆದಳು. ಹಬ್ಬ ಮುಗಿದ ಮೇಲೆ ಮತ್ತೆ ತೆನೆ ಬಂತು. ಅಲ್ಲಿಗೆ ಆ ವಿಷಯವನ್ನು ಇಬ್ಬರೂ ಮರೆತರು.

ವರ್ಷಗಳು ಕಳೆದವು. ಅಸ್ಮಾಳನ್ನು ಸಿರುಗುಪ್ಪಕ್ಕೆ ಮದುವೆ ಮಾಡಿ ಕೊಟ್ಟರು. ಕೊರೊನಾ ಬಂದಾಗ ಹೊಟ್ಟೆಯ ಚಿಂತೆಯೇ ದೊಡ್ಡದಾಗಿ, ವೆಬ್‌ಸೈಟಿನ ವಾರ್ಷಿಕ ಶುಲ್ಕ ಕಟ್ಟುವುದು ಯಾರಿಗೂ ನೆನಪಾಗಲಿಲ್ಲ. ಅದು ತಾನಾಗಿಯೇ ಮಾಯವಾಯಿತು. ಪ್ಯಾಂಟುಗಳು ಮಾತ್ರ ಮೊದಲಿನಂತೆಯೇ ಹೋಗುತ್ತಿದ್ದವು. 2023ರಲ್ಲಿ ದೂರದ ಊರಿನ ಒಂದು ದೊಡ್ಡ ಬಟ್ಟೆ ಕಂಪನಿಯಿಂದ ವಕೀಲರ ನೋಟೀಸು ಬಂತು. ಜೇಬಿನ ಮೇಲಿನ ತೆನೆ ತಮ್ಮ ನೋಂದಾಯಿತ ಗುರುತು, ತಾವು 2017ರ ಜನವರಿಯಿಂದ ಬಳಸುತ್ತಿದ್ದೇವೆ, ನೀವು ಕದ್ದಿದ್ದೀರಿ, ಕೂಡಲೇ ನಿಲ್ಲಿಸಿ. ಗುಲ್ಜಾರಬೀ ಓದಿಸಿ ಕೇಳಿ ಮೊದಲು ನಕ್ಕಳು.

"ನಮ್ಮ ತೆನಿ ನಾವ ಕದ್ದೀವಂತ! ನಡೀರಿ, ಯಾರು ನಂಬ್ತಾರ ನೋಡೂಣು."

ಕಂಪನಿ ದಾವೆ ಹೂಡಿತು. ಪಾರ್ವತಿನಗರದ ವಕೀಲೆ ವಿಜಯಲಕ್ಷ್ಮಿ ಕೇಸು ಹಿಡಿದರು. ಒಳ್ಳೆಯ ಹೆಂಗಸು, ಸುಮ್ಮನೆ ಆಸೆ ತೋರಿಸುವವರಲ್ಲ.

"ನೋಡಮ್ಮಾ, ನೋಂದಣಿ ಅವರದ್ದಿರಬಹುದು. ಆದರೆ ಅವರಿಗಿಂತ ಮೊದಲಿಂದ ಬಳಸ್ತಾ ಬಂದವರನ್ನ ಅವರು ತಡೆಯೋಕೆ ಬರಲ್ಲ. 2017ಕ್ಕಿಂತ ಮೊದಲು ನಿಮ್ಮ ಜೇಬಿನ ಮೇಲೆ ತೆನೆ ಇತ್ತು ಅಂತ ತೋರಿಸಬೇಕು. ಅಷ್ಟೇ."

ಅಷ್ಟೇ! ಕಾನೂನಿನವರ ಬಾಯಲ್ಲಿ ಆ ಪದ ಎಷ್ಟು ಸಲೀಸಾಗಿ ಬರುತ್ತದೆ. ಹಳೆಯ ಬಿಲ್ಲುಗಳಲ್ಲಿ 'ಪ್ಯಾಂಟ್, ನೀಲಿ' ಎಂದಿತ್ತೇ ಹೊರತು ತೆನೆಯ ಸುದ್ದಿ ಇರಲಿಲ್ಲ. ಅಸ್ಮಾಳ ಹಳೆಯ ಫೋನು ಸಿರುಗುಪ್ಪದ ಕಾಲುವೆಯಲ್ಲಿ ಬಿದ್ದು ಫೋಟೋಗಳ ಸಮೇತ ಹೋಗಿತ್ತು. ಸಿರಿಗೇರಿಯಲ್ಲಿ ತಮ್ಮನ ಮನೆಯವರು ಮೊದಮೊದಲಿನ ತೆನೆ ಪ್ಯಾಂಟೊಂದನ್ನು ಹುಡುಕಿ ಕಳಿಸಿದರು. ಮಂಡಿ ಹರಿದು, ಬಣ್ಣ ಬಿಟ್ಟು, ಯಾರ ಕಣ್ಣಿಗಾದರೂ ಹಳೆಯದೆಂದು ಕಾಣುವಂಥದು. ವಿಜಯಲಕ್ಷ್ಮಿ ಅದನ್ನು ತಿರುಗಿಸಿ ನೋಡಿ ಬದಿಗಿಟ್ಟರು. ಬಟ್ಟೆಯ ಮೇಲೆ ತಾರೀಖು ಇರುವುದಿಲ್ಲವಲ್ಲ. ಕುರುಗೋಡಿನ ಎರ್ರಿಸ್ವಾಮಿ ಬಂದು, ತಾನೇ ಕೆಣಕಿದ್ದು, ತನ್ನ ಕಣ್ಣೆದುರೇ ಹೊಲಿದದ್ದು ಎಂದು ಪ್ರಮಾಣ ಮಾಡಿ ಬರೆದುಕೊಟ್ಟ. ಗಿರಾಕಿಯ ಮಾತು ಗಿರಾಕಿಯ ಮಾತೇ, ಜೊತೆಗೊಂದು ಗಟ್ಟಿ ದಾಖಲೆ ಬೇಕು ಎಂದರು ವಕೀಲೆ.

ಆಗ ಅವರಿಗೇ ಹೊಳೆಯಿತು. ಜಗತ್ತಿನ ವೆಬ್‌ಸೈಟುಗಳನ್ನೆಲ್ಲ ಆಗಾಗ ಸುತ್ತಿ, ಕಂಡ ಪುಟದ ಪ್ರತಿ ತೆಗೆದು, ತಾರೀಖು ಹಾಕಿ ಕಾಪಿಡುವ ಒಂದು ಸಂಸ್ಥೆ ಪರದೇಶದಲ್ಲಿದೆ. ಸೈಟು ಸತ್ತುಹೋದರೂ ಅವರ ಸಂಗ್ರಹದಲ್ಲಿ ಹಳೆಯ ಪುಟ ಉಳಿದಿರುತ್ತದೆ. ಸರಿಯಾದ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದರೆ ಕೋರ್ಟು ಅದನ್ನು ನೋಡುತ್ತದೆ.

"ಅಂದ್ರ ನಮ್ಮ ಫೋಟೋ ಅಲ್ಲಿ ಐತೇನ್ರಿ ಮೇಡಂ?" ಗುಲ್ಜಾರಬೀ ಕುರ್ಚಿಯಿಂದ ಅರ್ಧ ಎದ್ದಳು. "ನಾವ ಕಳಕೊಂಡಿದ್ದನ್ನ ಮತ್ತೊಬ್ರು ಜೋಪಾನ ಮಾಡ್ಯಾರ? ಅವ್ರ ಹೊಟ್ಟಿ ತಣ್ಣಗಿರಲಿ!"

ಸೈಟಿನ ಹಳೆಯ ವಿಳಾಸ ಗೊತ್ತಿದ್ದದ್ದು ಅಸ್ಮಾಳಿಗೆ. ಮರುದಿನವೇ ಆಕೆ ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದಳು. ವಿಜಯಲಕ್ಷ್ಮಿಯವರ ಆಫೀಸಿನಲ್ಲಿ ಮೂವರೂ ಕಂಪ್ಯೂಟರಿನ ಮುಂದೆ ಕೂತರು. ಸುಭಾನಸಾಬ ಬಾಗಿಲ ಬಳಿ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ವಿಳಾಸ ಹಾಕಿದಾಗ ಒಂದೇ ಪ್ರತಿ ಇರಬಹುದೆಂದುಕೊಂಡಿದ್ದವರಿಗೆ ಮೂರು ತಾರೀಖು ಸಿಕ್ಕವು. ಎರಡು 2018ರವು. ಒಂದು 2016ರದು.

"ಐತಮ್ಮಾ! ಹದಿನಾರರದು ಐತಿ!" ಎಂದಳು ಅಸ್ಮಾ. ಗುಲ್ಜಾರಬೀ ಮಗಳ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಳು.

ಪುಟ ನಿಧಾನವಾಗಿ ತೆರೆಯಿತು. ಕಪ್ಪಗೆ ತೆರೆಯಿತು. ನಡುವೆ ಒಂದು ಸಾಲು ಬಿಳಿ ಅಕ್ಷರ.

ಗುಲ್ಜಾರಬೀಗೆ ಓದಲು ಬಾರದು, ಆದರೆ ಆ ಕಪ್ಪು ಗೊತ್ತಿತ್ತು. ಅದನ್ನು ಹಾಕಿಸಿದವಳು ಆಕೆಯೇ. ವರ್ಷದ ಅಷ್ಟೂ ದಿನ ತೆರೆದಿದ್ದ ಪುಟವನ್ನು ನೋಡಲು ಆ ಹಾಳು ಯಂತ್ರಕ್ಕೆ ಪುರಸೊತ್ತು ಸಿಕ್ಕದ್ದು ಪೀರಲ ಹಬ್ಬದ ಆ ಹತ್ತು ದಿನಗಳ ಒಳಗೆ! ಅಸ್ಮಾ ಮತ್ತೆ ಮತ್ತೆ ಪುಟವನ್ನು ಮೇಲೆ ಕೆಳಗೆ ಸರಿಸಿದಳು. ಎಷ್ಟು ಸರಿಸಿದರೂ ಅದರ ಕೆಳಗೆ ಏನೂ ಇರಲಿಲ್ಲ. 2018ರ ಪ್ರತಿಗಳಲ್ಲಿ ಮಾತ್ರ ತೆನೆ ಕಾಳು ಕಾಳು ಎಣಿಸುವಷ್ಟು ಸ್ಪಷ್ಟವಾಗಿತ್ತು.

"ನಾನ ಮುಚ್ಚಿಸಿದೆ" ಎಂದಳು ಗುಲ್ಜಾರಬೀ. "ಮೇಡಂ, ಈಕಿ ಅದಕ್ಕ ಬಾಗಿಲಾ ಇಲ್ಲ ಅಂದ್ಲು. ನಾನ ಮುಚ್ಚಿಸಿದೆ."

ವಿಜಯಲಕ್ಷ್ಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದನ್ನು ನಾವು ಹಾಜರುಪಡಿಸುವುದು ಬೇಡ ಎಂದರು. ಅವರು ಹೇಳದೆ ಬಿಟ್ಟ ಮಾತು ಮುಂದಿನ ತಾರೀಖಿಗೆ ತಾನಾಗಿಯೇ ಗೊತ್ತಾಯಿತು. ಕಂಪನಿಯ ವಕೀಲರೂ ಅದೇ ಸಂಗ್ರಹದಲ್ಲಿ ಹುಡುಕಿದ್ದರು. ಮೂರೂ ಪುಟಗಳನ್ನು ಬಣ್ಣದಲ್ಲಿ ತೆಗೆಸಿ, ಬೇಕಾದ ಪ್ರಮಾಣಪತ್ರಗಳನ್ನೆಲ್ಲ ಅಚ್ಚುಕಟ್ಟಾಗಿ ಲಗತ್ತಿಸಿ ಕೋರ್ಟಿಗೆ ಕೊಟ್ಟರು. 2016ರ ಪುಟದಲ್ಲಿ ತೆನೆ ಇಲ್ಲ. 2018ರಲ್ಲಿ ಇದೆ. ನಡುವೆ 2017ರಲ್ಲಿ ನಮ್ಮ ಮಾಲು ಮಾರುಕಟ್ಟೆಗೆ ಬಂತು. ಯಾರು ಯಾರನ್ನು ನೋಡಿ ಹೊಲಿದರು ಎಂದು ನಾವು ಬೇರೆ ಹೇಳಬೇಕೇ ಸ್ವಾಮಿ ಎಂದು ಅವರು ಮೆತ್ತಗೆ ಕೇಳಿದರು.

ವಿಜಯಲಕ್ಷ್ಮಿ ಬಿಡಲಿಲ್ಲ. ಅದು ಹಬ್ಬಕ್ಕೆ ಮುಚ್ಚಿದ ಪುಟ, ಅದರಲ್ಲಿ ತೆನೆ ಇಲ್ಲವೆಂದರೆ ಅಂಗಡಿಯಲ್ಲೇ ಇರಲಿಲ್ಲವೆಂದು ಅರ್ಥವಲ್ಲ ಎಂದು ವಾದಿಸಿದರು. ಎರ್ರಿಸ್ವಾಮಿ ಬರೆದುಕೊಟ್ಟದ್ದನ್ನು ಓದಿದರು. ನ್ಯಾಯಾಧೀಶರು ಕೆಟ್ಟವರೇನಲ್ಲ, ಎಲ್ಲವನ್ನೂ ಕೇಳಿಸಿಕೊಂಡರು. ಮುಚ್ಚಿದ ಬಾಗಿಲು ಒಳಗೇನಿತ್ತೆಂದು ಹೇಳುವುದಿಲ್ಲವಲ್ಲ, ಬೇರೆ ಏನಾದರೂ ದಾಖಲೆ ಇದೆಯೇ ಎಂದು ಕೇಳಿದರು. ಇರಲಿಲ್ಲ. ಹಿಂದೆ ಬೆಂಚಿನ ಮೇಲಿದ್ದ ಗುಲ್ಜಾರಬೀ ತಡೆಯಲಾರದೆ ಎದ್ದು ನಿಂತಳು.

"ಸಾಹೇಬ್ರ, ಬಾಗಿಲಾ ಹಾಕಿದ ಮನ್ಯಾಗ ಮಂದಿ ಇರಂಗಿಲ್ಲೇನ್ರಿ? ಒಂದು ಮಷೀನ್ ತರಿಸ್ರಿ. ಇಲ್ಲೇ ನಿಮ್ಮ ಎದುರಿಗೆ ಹೊಲದು ತೋರಿಸ್ತೀನಿ."

"ಏನಿದ್ದರೂ ನಿಮ್ಮ ವಕೀಲರ ಮೂಲಕ ಹೇಳಿ ಅಮ್ಮಾ" ಎಂದರು ನ್ಯಾಯಾಧೀಶರು. ದನಿಯಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೆ ಜಗಳವಾಡಬಹುದಿತ್ತು, ಜಗಳವಾಡಲೂ ಆಗದಂಥ ಆ ಮೆತ್ತಗಿನ ಮಾತಿಗೆ ಗುಲ್ಜಾರಬೀ ಕೂತುಬಿಟ್ಟಳು. ಹೊಲಿದು ತೋರಿಸುವುದು ಇವತ್ತಿನ ಕೆಲಸ, ಬೇಕಾಗಿದ್ದದ್ದು ಅಂದಿನ ಪುರಾವೆ ಎಂದು ವಿಜಯಲಕ್ಷ್ಮಿ ಆಮೇಲೆ ಕಾರಿಡಾರಿನಲ್ಲಿ ತಿಳಿಸಿ ಹೇಳಿದರು. ಗುಲ್ಜಾರಬೀಗೆ ಅರ್ಥವಾಗದೆ ಇರಲಿಲ್ಲ.

ಮುಖ್ಯ ದಾವೆ ಮುಗಿಯುವವರೆಗೆ ತೆನೆ ಗುರುತಿನ ಪ್ಯಾಂಟು ಹೊಲಿಯಕೂಡದು, ಮಾರಕೂಡದು ಎಂದು ತಡೆಯಾಜ್ಞೆ ಬಂತು. ಮುಖ್ಯ ದಾವೆ ಯಾವಾಗ ಮುಗಿದೀತೆಂದು ಸುಭಾನಸಾಬ ಕೇಳಿದ. ವಿಜಯಲಕ್ಷ್ಮಿ ಮುಂದಿನ ತಾರೀಖು ಬರೆದುಕೊಟ್ಟರು. ಅಸ್ಮಾ, ಅಂದು ನಾನೇ ಮುಚ್ಚದೆ ಮುಚ್ಚಿದೆನೆಂದು ಸುಳ್ಳು ಹೇಳಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಕೊರಗುತ್ತ ಸಿರುಗುಪ್ಪದ ಬಸ್ಸು ಹತ್ತಿದಳು.

ಮುಂದಿನ ಮೊಹರಂಗೆ ಗುಲ್ಜಾರಬೀ ಎಂದಿನಂತೆ ಬಾಗಿಲು ಹಾಕಿ ಸಿರಿಗೇರಿಗೆ ಹೋದಳು. ಪೀರಲ ದೇವರ ಮುಂದೆ ಊದು ಹಾಕಿ, ಪಕ್ಕದಲ್ಲಿ ಜನರಿದ್ದಾರೆಂಬುದನ್ನೂ ಲೆಕ್ಕಿಸದೆ ಜಗಳಕ್ಕೆ ನಿಂತಳು. "ನಿನ್ನ ಸಲುವಾಗಿ ಮುಚ್ಚಿದ್ನಲ್ಲೋ ತಂದಿ. ಯಾರಿಗೆ ಹೇಳ್ಲಿ ಇದನ್ನ? ಕೋರ್ಟಿನ್ಯಾಗ ನೀನರ ಬಂದು ಹೇಳ್ತಿಯೇನು?" ತಮ್ಮನ ಹೆಂಡತಿ ತೋಳು ಹಿಡಿದು ಕರೆದುಕೊಂಡು ಹೋದಳು. ಸಿಟ್ಟೂ ಇತ್ತು, ಸಿಟ್ಟು ಮಾಡಿದೆನಲ್ಲ ಎಂಬ ಅಂಜಿಕೆಯೂ ಇತ್ತು. ಎರಡರ ನಡುವೆ ಆಕೆಗೆ ಊಟ ಸೇರಲಿಲ್ಲ.

ಗುರುತಿಲ್ಲದ ಪ್ಯಾಂಟು ಯಾರಿಗೆ ಬೇಕು? ಎರ್ರಿಸ್ವಾಮಿ ಮುಖದಾಕ್ಷಿಣ್ಯಕ್ಕೆ ಒಂದೆರಡು ಸಲ ಒಯ್ದು ಸುಮ್ಮನಾದ. ಅದಕ್ಕೇ, ಬೇರೆಯವರ ಮಾಲನ್ನು ಕೂಲಿಗೆ ಹೊಲಿಯಲು ಹಂಚುವ ಹುಲುಗೇಶ ಬಾಗಿಲಿಗೆ ಬಂದಾಗ ಗುಲ್ಜಾರಬೀ ಇಲ್ಲವೆನ್ನಲಿಲ್ಲ. ಬಳ್ಳಾರಿಯಲ್ಲಿ ಅದು ಹೊಸದೇನಲ್ಲ. ಎಲ್ಲಿಯದೋ ಕಂಪನಿ, ಇಲ್ಲಿಯ ಕೈ. ಹುಲುಗೇಶ ಆಟೋದಿಂದ ಕತ್ತರಿಸಿದ ಜೇಬುಗಳ ಗಂಟು ಇಳಿಸಿ, ನೋಡಿ ಹೊಲಿಯಲು ಒಂದು ಮಾದರಿ ಕೊಟ್ಟ. ಗುಲ್ಜಾರಬೀ ಪ್ಲಾಸ್ಟಿಕ್ ಚೀಲದಿಂದ ಮಾದರಿ ಹೊರಗೆಳೆದಳು. ನೀಲಿ ಜೇಬಿನ ಮೇಲೆ ಹಳದಿ ದಾರದ ತೆನೆ.

ಸುಭಾನಸಾಬ ನೋಡಿದ. ನೋಡಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಹುಲುಗೇಶನಿಗೆ ಏನೂ ಗೊತ್ತಿರಲಿಲ್ಲ, ಮೊನ್ನೆ ಮೊನ್ನೆ ಈ ಕೆಲಸಕ್ಕೆ ಬಂದವನು. "ಒಂದು ಹೊಲದು ತೋರಿಸ್ರಿ ಅಕ್ಕಾ, ಕೈ ಹೆಂಗೈತಿ ನೋಡ್ತೀನಿ" ಎಂದ.

ಗುಲ್ಜಾರಬೀ ಹಳದಿ ದಾರ ಹಾಕಿದಳು. ಮೂಲೆಯಿಂದ ಕಡ್ಡಿ ಎಬ್ಬಿಸಿದಳು. ಕೈ ತಾನಾಗಿಯೇ ಹೋಯಿತು. ಹುಲುಗೇಶ ಅದನ್ನು ಮಾದರಿಯ ಪಕ್ಕಕ್ಕೆ ಹಿಡಿದು ನೋಡಿ ತಲೆಯಾಡಿಸಿದ.

"ತಪ್ಪೈತಿ ಅಕ್ಕಾ. ನಿಮ್ಮ ತೆನಿ ಭಾಳ ಬಗ್ಗೈತಿ. ಕಂಪನಿದು ಹಿಂಗಿಲ್ಲ, ತುಸು ನೆಟ್ಟಗ ಐತಿ. ಇದು ಪಾಸಾಗಂಗಿಲ್ಲ, ಬಿಚ್ಚಿ ಹೊಲೀರಿ."

ಗುಲ್ಜಾರಬೀ ದಾರ ಬಿಚ್ಚಿದಳು. ಆಮೇಲೆ ಜೇಬನ್ನೂ, ಸೀಮೆಸುಣ್ಣದ ತುಂಡನ್ನೂ ಅವನ ಕೈಗೆ ಕೊಟ್ಟಳು.

"ಹೆಂಗ ಹೋಗ್ಬೇಕು ಅಂತ ನೀನ ಗೀಟು ಹಾಕಿ ಕೊಡಪ್ಪಾ" ಎಂದಳು. "ನನಗ ಗೊತ್ತಿಲ್ಲ."