ಗಾಜಿನ ಓಣಿಯಲ್ಲಿ ನಿಂತ ಬೆಳಕು

ಪ್ರಯೋಗಾಲಯದಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ಲೇಸರ್ ನೋಡಿಕೊಳ್ಳುವುದು ಅವಳ ಉದ್ಯೋಗ. ಹಿಡಿದ ಪಟ್ಟು ಬಿಡದಿರುವುದು ಹುಟ್ಟುಗುಣ, ಅದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಉಗುರಿನಗಲದ ಗಾಜಿನ ತುಣುಕೊಂದು ವರ್ಷದಿಂದ ಅವಳ ಜೀವ ಹಿಂಡುತ್ತಿತ್ತು. ಅದರೊಳಗೆ ಕೂದಲಿಗಿಂತ ಸಪೂರದ ಓಣಿಗಳು, ಒಂದರ ಪಕ್ಕ ಒಂದು. ಮಂದ ಬೆಳಕು ಬಿಟ್ಟರೆ ಅದು ಅಕ್ಕಪಕ್ಕದ ಓಣಿಗಳಿಗೆಲ್ಲ ನುಗ್ಗಿ ಚದುರಿಹೋಗುತ್ತದೆ. ಪ್ರಖರವಾಗಿ ಬಿಟ್ಟರೆ ಗಾಜಿನ ಗುಣವನ್ನೇ ಬದಲಿಸಿ, ತನ್ನನ್ನು ತಾನೇ ಹಿಡಿದುಕೊಂಡು ಒಂದೇ ಓಣಿಯಲ್ಲಿ ಕೊನೆ ಮುಟ್ಟುತ್ತದೆ. ಅದೇ ಸಾಲಿಟಾನ್. ಮುಟ್ಟಬೇಕಲ್ಲ! ಅವಳ ಬೆಳಕು ಒಮ್ಮೆ ಎಡದ ಓಣಿಗೆ ಜಾರಿದರೆ ಇನ್ನೊಮ್ಮೆ ಬಲಕ್ಕೆ. ಅಂದು ಸಂಜೆ ಲೇಸರ್ ಪಕ್ಕದ ಕೋಣೆಯವರ ಪಾಲಾಗಲಿತ್ತು. ಅಷ್ಟರೊಳಗೆ ಬೆಳಕು ನಿಲ್ಲದಿದ್ದರೆ ಅಷ್ಟೂ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮಧ್ಯಾಹ್ನ ಮಂದ ಬೆಳಕು ಬಿಟ್ಟು, ಅದು ಒಳಹೊಗುವ ಗಾಜಿನ ಬಾಯಿಯನ್ನು ಪರದೆಯ ಮೇಲೆ ನೋಡಿದಳು. ಒಂದಲ್ಲ, ಎರಡು ಓಣಿಗಳು ಸರಿಸಮವಾಗಿ ಹೊಳೆಯುತ್ತಿದ್ದವು. ಅಯ್ಯೋ ಶಿವನೇ! ಹಿಂದೊಮ್ಮೆ ಆ ಪರದೆಯ ಕ್ಯಾಮೆರಾ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದವಳು ಬೆಳಕು ಎಲ್ಲಿ ಬೀಳಬೇಕೆಂದು ತೋರಿಸುವ ಗುರಿಗೆರೆಯನ್ನು ಮಾತ್ರ ಹಳೆಯ ಜಾಗದಲ್ಲೇ ಬಿಟ್ಟಿದ್ದಳು. ಬೆಳಕು ಬೀಳುತ್ತಿದ್ದದ್ದು ಎರಡು ಓಣಿಗಳ ನಟ್ಟನಡುವೆ. ಎರಡು ದೋಣಿಯ ಮೇಲೆ ಕಾಲಿಟ್ಟವರು ನಿಂತದ್ದುಂಟೆ? ತನ್ನ ಪೆದ್ದುತನಕ್ಕೆ ತಾನೇ ಹಣೆ ಚಚ್ಚಿಕೊಂಡು ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗುರಿ ಸರಿಪಡಿಸಿ, ಬೆಳಕು ಏರಿಸಿದಳು. ಗಾಜಿನ ಆಚೆ ತುದಿಯಲ್ಲಿ ಒಂದೇ ಒಂದು ಚುಕ್ಕೆ ಮೂಡಿ ನಿಂತಿತು. ಸುದ್ದಿ ಕೇಳಿ ಪ್ರಯೋಗಾಲಯದ ಹಿರಿಯ ಮೇಷ್ಟ್ರು ಓಡಿಬಂದರು. ಲೇಸರ್ ಒಯ್ಯಲು ಪಕ್ಕದ ಕೋಣೆಯ ಮೇಡಮ್ಮೂ ಬಂದರು. ಮೇಷ್ಟ್ರು ಕುಣಿಯಲಿಲ್ಲ, ಕನ್ನಡಕ ಏರಿಸಿದರು.

"ಸ್ವಲ್ಪ ಅಲ್ಲಾಡಿಸಮ್ಮ. ಅಲ್ಲಾಡಿಸಿದ್ರೂ ಜಾರದೇ ಇದ್ರೆ ತಾನೆ ನಿಂತಿದೆ ಅನ್ನೋದು?"

ಅತ್ತಿಗೆ ಬೆಳಕಿನ ಗುರಿ ಕದಲಿಸುವ ತಿರುಪಿನತ್ತ ಕೈ ಚಾಚಿ ಹಿಂದೆಗೆದಳು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದರೆ? ಹಾಗೇ ಬಿಟ್ಟುಬಿಡೋಣವೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೂ ಉಸಿರು ಬಿಗಿಹಿಡಿದು ತಿರುಪನ್ನು ಒಂದಿಷ್ಟೇ ತಿರುಗಿಸಿದಳು. ಚುಕ್ಕೆ ನಡುಗಿತು, ಪಕ್ಕಕ್ಕೆ ವಾಲಿತು, ಮತ್ತೆ ತನ್ನ ಓಣಿಯಲ್ಲೇ ಗಟ್ಟಿಯಾಗಿ ಕೂತಿತು. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಅಷ್ಟು ಸಂತೋಷ ಅವಳಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

ಮೇಡಮ್ಮು ಗಡಿಯಾರ ನೋಡಿದರು, ಲೇಸರ್ ನೋಡಿದರು, ಕೊನೆಗೆ ಒಂದು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

"ನಮ್ಮದೇನು, ನಾಳೆ ತಗೊಂಡು ಹೋದ್ರಾಯ್ತು. ಇನ್ನೊಂದ್ಸಲ ಅಲ್ಲಾಡಿಸಿ, ನೋಡೋಣ."

ಈ ಸಲ ಅತ್ತಿಗೆ ಉಸಿರು ಹಿಡಿಯಲಿಲ್ಲ.